ಬೀಗ ಬಿದ್ದ ಹಿಮಬೆಟ್ಟ ಯಾರ ಪಾಲು?

ಸಹೋದರಿಯರೇ, ಈ ಸಲ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಹಿಮವನ್ನು ಕಂಡದ್ದು ಗೋಡೆಯ ಕ್ಯಾಲೆಂಡರಿನಲ್ಲಿ, ಇಲ್ಲವೇ ಕಾಶ್ಮೀರ ನೋಡಿ ಬಂದವರ ಫೋಟೋಗಳಲ್ಲಿ. ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ಹಿಮದ ಇಳಿಜಾರಿನಲ್ಲಿ ಜಾರುತ್ತಾ ಬರುವ ಆಟವನ್ನು ಗುಲ್ಮಾರ್ಗ್‌ನ ಚಿತ್ರಗಳಲ್ಲಿ ನೀವೂ ನೋಡಿರಬಹುದು. ಅದಕ್ಕೆ ಸ್ಕೀಯಿಂಗ್ ಎನ್ನುತ್ತಾರೆ. ಇಳಿಯಲು ಬೆಟ್ಟದ ಇಳಿಜಾರೇ ಸಾಕು. ಹತ್ತುವುದೇ ಕಷ್ಟ. ಜನರನ್ನು ಮೇಲಕ್ಕೆ ಒಯ್ಯಲು ತಂತಿಯ ಮೇಲೆ ತೂಗುವ ಕುರ್ಚಿಗಳು ಬೇಕು, ಅವನ್ನು ಎಳೆಯುವ ಯಂತ್ರ ಬೇಕು, ನಡೆಸುವ ಜನ ಬೇಕು. ಅಲ್ಲಿಂದಲೇ ಹಣದ ಪ್ರಶ್ನೆ ಶುರುವಾಗುತ್ತದೆ.

ಅಮೆರಿಕದ ಈಶಾನ್ಯ ಮೂಲೆಯ ಆರು ರಾಜ್ಯಗಳಿಗೆ ಒಟ್ಟಾಗಿ ನ್ಯೂ ಇಂಗ್ಲೆಂಡ್ ಎಂದು ಹೆಸರು. ಅಲ್ಲಿ ಹೀಗೆ ಮುಚ್ಚಿಹೋದ ಹಿಮಬೆಟ್ಟಗಳ ಪಟ್ಟಿಯನ್ನು ಕೆಲವು ಆಸಕ್ತರು 1998ರಿಂದ ತಯಾರಿಸುತ್ತಾ ಬಂದಿದ್ದಾರೆ. ಆ ಪಟ್ಟಿ ಆರುನೂರನ್ನು ದಾಟಿದೆ! ಆರುನೂರು ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಮಕ್ಕಳು ಬಿದ್ದು ಎದ್ದು ಜಾರಲು ಕಲಿಯುತ್ತಿದ್ದರು. ಈಗ ಅಲ್ಲಿ ತುಕ್ಕು ಹಿಡಿದ ಕಂಬಗಳಿವೆ, ಜಾರುದಾರಿಯ ಮೇಲೆ ಗಿಡಮರ ಬೆಳೆದಿದೆ.

ಏಕೆ ಮುಚ್ಚಿದವು? ಮೊದಲು ಇದು ರೈತರ ಗುಡ್ಡದ ಆಟವಾಗಿತ್ತು. 1934ರಲ್ಲಿ ವರ್ಮಾಂಟ್ ರಾಜ್ಯದ ವುಡ್‌ಸ್ಟಾಕ್ ಎಂಬ ಊರಿನ ಒಂದು ಹೊಲದಲ್ಲಿ ಹಳೆಯ ಫೋರ್ಡ್ ಕಾರಿನ ಎಂಜಿನ್‌ಗೆ ಹಗ್ಗ ಸುತ್ತಿ, ಆ ಹಗ್ಗ ಹಿಡಿದವರನ್ನು ಮೇಲಕ್ಕೆ ಎಳೆದರು. ಆ ದೇಶದಲ್ಲಿ ಸ್ಕೀಯಿಂಗ್‌ಗೆ ಬಂದ ಮೊದಲ ಎಳೆಹಗ್ಗ ಅದು. ಅಷ್ಟು ಸರಳ, ಅಷ್ಟು ಅಗ್ಗ. ಅನಂತರ ಕುರ್ಚಿ ಲಿಫ್ಟುಗಳು ಬಂದವು. ಹಿಮ ಬೀಳದ ದಿನ ನೀರನ್ನೂ ಒತ್ತಡದ ಗಾಳಿಯನ್ನೂ ಕೊಳವೆಯಲ್ಲಿ ಹಾಯಿಸಿ ಕೃತಕ ಹಿಮ ಚಿಮ್ಮಿಸುವ ಯಂತ್ರಗಳು ಬಂದವು. ಅವುಗಳಿಗೆ ಕೆರೆಗಟ್ಟಲೆ ನೀರು, ರಾತ್ರಿಯಿಡೀ ವಿದ್ಯುತ್ತು. ಅದರ ಮೇಲೆ ವಿಮೆಯ ಹೊರೆ. ವರ್ಮಾಂಟಿನಲ್ಲೇ ಹೊಸದಾಗಿ ಕಲಿಯುತ್ತಿದ್ದವನೊಬ್ಬ ಜಾರುದಾರಿಯ ಪೊದೆಗೆ ಸಿಕ್ಕಿ ಬಿದ್ದು ಕೈಕಾಲಿನ ಸ್ವಾಧೀನ ಕಳೆದುಕೊಂಡ. ಅವನಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು 1978ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಲ್ಲಿಂದ ವಿಮೆಯ ಕಂತು ಏರುತ್ತಲೇ ಹೋಯಿತು. ಚಳಿಗಾಲಗಳು ಬೆಚ್ಚಗಾಗತೊಡಗಿದ್ದು ಇನ್ನೊಂದು ಪೆಟ್ಟು. ಸಣ್ಣ ಬೆಟ್ಟಗಳು ಒಂದೊಂದಾಗಿ ಬೀಗ ಹಾಕಿಕೊಂಡವು.

ಹೀಗೆ ಬೀಗ ಬಿದ್ದ ಬೆಟ್ಟದ ಬುಡದಲ್ಲಿ ಒಂದು ಊರು ಇದ್ದೇ ಇರುತ್ತದೆ. ಒಂದು ದಿನ ಆ ಊರಿಗೆ ಹಣವಂತನೊಬ್ಬ ಬಂದು, "ಈ ಬೆಟ್ಟವನ್ನು ನಾನು ಮತ್ತೆ ತೆರೆಯುತ್ತೇನೆ, ಆದರೆ ಇದು ಸದಸ್ಯರಿಗೆ ಮಾತ್ರ" ಎಂದರೆ ಊರಿನವರು ಏನನ್ನಬೇಕು? ಕೆಲಸ ಸಿಗುತ್ತದೆಂದು ಸಂತೋಷಪಡಬೇಕೇ, ನಮ್ಮ ಮಕ್ಕಳು ಆಡಿದ ಬೆಟ್ಟಕ್ಕೆ ಗೇಟು ಬೀಳುತ್ತದೆಂದು ಬೇಸರಪಡಬೇಕೇ? ವರ್ಮಾಂಟಿನ ಎರಡು ಬೆಟ್ಟಗಳ ಕತೆಯನ್ನು ನಿಮ್ಮ ಮುಂದಿಡುತ್ತೇನೆ. ಒಂದನ್ನು ಶ್ರೀಮಂತರ ಕ್ಲಬ್ಬು ಎಬ್ಬಿಸಲು ಹೊರಟಿತು, ಇನ್ನೊಂದನ್ನು ಊರೇ ಕೊಂಡಿತು.

ಮೊದಲನೆಯ ಬೆಟ್ಟದ ಹೆಸರು ಹೇಸ್ಟ್ಯಾಕ್. ನಮ್ಮ ಮಾತಿನಲ್ಲಿ ಹುಲ್ಲುಬಣವೆ! ಅದರ ಬುಡದಲ್ಲಿ ವಿಲ್ಮಿಂಗ್ಟನ್ ಎಂಬ ಪುಟ್ಟ ಊರು. ಎರಡು ಸಾವಿರದ ಆಸುಪಾಸಿನ ಜನಸಂಖ್ಯೆ. 1964ರಲ್ಲಿ ಅಲ್ಲಿ ಸ್ಕೀಯಿಂಗ್ ಶುರುವಾಯಿತು. ಏಳುಬೀಳುಗಳ ನಡುವೆಯೂ ಟಿಕೆಟ್ ಕೊಂಡ ಯಾರಿಗಾದರೂ ಹಲವು ದಶಕ ಅದು ತೆರೆದೇ ಇತ್ತು. ಪಕ್ಕದಲ್ಲೇ ಮೌಂಟ್ ಸ್ನೋ ಎಂಬ ದೊಡ್ಡ ಬೆಟ್ಟವಿದೆ. ಎರಡೂ ಒಂದೇ ಕಂಪೆನಿಯ ಕೈಯಲ್ಲಿದ್ದಾಗ ಸಣ್ಣದರ ಮೇಲೆ ಗಮನ ಕಡಿಮೆಯಾಯಿತು. 2005ರಲ್ಲಿ ಹೇಸ್ಟ್ಯಾಕನ್ನು ಖಾಸಗಿ ಕ್ಲಬ್ಬು ಮಾಡುವವರಿಗೆ ಮಾರಲಾಯಿತು. ಆ ಯೋಜನೆ ಮೇಲೇಳಲಿಲ್ಲ. ಕೆಲವು ಚಳಿಗಾಲ ಅಷ್ಟಿಷ್ಟು ನಡೆದು ಲಿಫ್ಟುಗಳು ನಿಂತವು.

2011ರಲ್ಲಿ ಜಿಮ್ ಬಾರ್ನ್ಸ್ ಎಂಬ ಉದ್ಯಮಿ ಆ ಬೆಟ್ಟವನ್ನು ಕೊಂಡ. ಅದೇ ವರ್ಷದ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆ ಸುರಿದು ಡೀರ್‌ಫೀಲ್ಡ್ ನದಿ ವಿಲ್ಮಿಂಗ್ಟನ್ ಪೇಟೆಯೊಳಗೆ ನುಗ್ಗಿತು. ಅಂಗಡಿಗಳು ಮುಳುಗಿದವು. ಊರಿನವರೆಲ್ಲ ಬೆಳಗಿನ ತಿಂಡಿಗೆ ಸೇರುತ್ತಿದ್ದ ಡಾಟ್ಸ್ ಎಂಬ ಹಳೆಯ ಹೋಟೆಲು ಮತ್ತೆ ಬಾಗಿಲು ತೆರೆದದ್ದು 2013ರ ಕೊನೆಗೆ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿ. ಪೇಟೆ ಕೆಸರಾಗಿ ಬಿದ್ದಿರುವಾಗ ಬೆಟ್ಟದ ಮೇಲೆ ಕಟ್ಟಡ ಏಳುತ್ತಿದೆ, ಬಡಗಿಗೆ ಕೆಲಸ, ಕೊಳಾಯಿಯವನಿಗೆ ಕೆಲಸ, ಕೋಣೆ ಗುಡಿಸುವ ಹೆಂಗಸಿಗೆ ಕೆಲಸ. ಇಂಥ ಹೊತ್ತಿನಲ್ಲಿ ಗೇಟಿನ ಬಗ್ಗೆ ಪ್ರಶ್ನೆ ಕೇಳುವ ಧೈರ್ಯ ಯಾರಿಗೆ ಬರುತ್ತದೆ? ಬೇಡವೆನ್ನಲಾಗದ ಹೊತ್ತಿನಲ್ಲೇ ಇಂಥ ಯೋಜನೆಗಳು ಬರುತ್ತವೆ. ಊರಿನವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಹರ್ಮಿಟೇಜ್ ಕ್ಲಬ್ ಎಂಬ ಹೆಸರಿನಲ್ಲಿ ಅದು ನಡೆಯಿತು. ಹರ್ಮಿಟೇಜ್ ಎಂದರೆ ಸಂನ್ಯಾಸಿಯ ಕುಟೀರ! ಕುಟೀರ ಹೇಗಿತ್ತು ಕೇಳಿ. ಸುಮಾರು 80,000 ಚದರಡಿಯ ಕ್ಲಬ್‌ಹೌಸ್. ಅದರೊಳಗೆ ಈಜುಕೊಳ, ಸಿನಿಮಾ ಹಾಲು, ಬೌಲಿಂಗ್ ಆಟದ ಅಂಕಣ. 2015ರಲ್ಲಿ ಆರು ಮಂದಿ ಸಾಲಾಗಿ ಕೂರುವ ಹೊಸ ಲಿಫ್ಟು ಬಂತು. ಅದರ ಸೀಟುಗಳು ಬೆಚ್ಚಗಿರುತ್ತಿದ್ದವು, ಗಾಳಿ ತಾಗದಂತೆ ಮೇಲೊಂದು ಪಾರದರ್ಶಕ ಮುಸುಕು ಬೇರೆ. ಗಾಲ್ಫ್ ಮೈದಾನವಿತ್ತು, ಅತಿಥಿಗೃಹಗಳಿದ್ದವು. ಹತ್ತಿರದ ಸಣ್ಣ ವಿಮಾನ ನಿಲ್ದಾಣವನ್ನೂ ಮಾಲೀಕ ಕೊಂಡಿದ್ದ. ಇಷ್ಟಕ್ಕೆಲ್ಲ ಸೇರುವ ಶುಲ್ಕವೇ ಹತ್ತಾರು ಸಾವಿರ ಡಾಲರು, ಅದರ ಮೇಲೆ ವರ್ಷ ವರ್ಷದ ಚಂದಾ. ನ್ಯೂಯಾರ್ಕ್, ಬಾಸ್ಟನ್ ಕಡೆಯ ಅನುಕೂಲಸ್ಥ ಕುಟುಂಬಗಳು ಸೇರಿದವು. ಟಿಕೆಟಿಗೆ ಸರದಿ ಇಲ್ಲ, ಜಾರುದಾರಿಯಲ್ಲಿ ನೂಕುನುಗ್ಗಲಿಲ್ಲ. ಮಕ್ಕಳನ್ನು ನಿಶ್ಚಿಂತೆಯಿಂದ ಬಿಡಬಹುದು. ತಾಯಂದಿರಿಗೆ ಆ ನಿಶ್ಚಿಂತೆಯ ಬೆಲೆ ಗೊತ್ತು. ಅದಕ್ಕಾಗಿ ಹಣ ಕೊಟ್ಟವರನ್ನು ನಾನು ಹೀಯಾಳಿಸುವುದಿಲ್ಲ.

ಆದರೆ ಲೆಕ್ಕ ನೋಡಿ. ನೀವು ಮನೆ ನಡೆಸುವವರು, ಇದು ನಿಮಗೆ ಬೇಗ ತಿಳಿಯುತ್ತದೆ. ಸೇರುವ ಶುಲ್ಕ ಒಮ್ಮೆ ಮಾತ್ರ ಬರುವ ಹಣ. ಲಿಫ್ಟಿನ ವಿದ್ಯುತ್ತು, ಕೆಲಸಗಾರರ ಸಂಬಳ, ಸಾಲದ ಬಡ್ಡಿ, ತೆರಿಗೆ ಇವು ಪ್ರತಿ ತಿಂಗಳೂ ಹೋಗುವ ಹಣ. ಒಮ್ಮೆ ಬರುವ ಹಣದಿಂದ ನಿತ್ಯದ ಖರ್ಚು ತೂಗಿಸಬೇಕಾದರೆ ಹೊಸ ಸದಸ್ಯರು ಬರುತ್ತಲೇ ಇರಬೇಕು. ಹೊಸಬರು ಬರಬೇಕಾದರೆ ಹೊಸ ಆಕರ್ಷಣೆ ತೋರಿಸಬೇಕು, ಅದಕ್ಕೆ ಮತ್ತೆ ಸಾಲ. ಈ ಗಾಲಿ ಒಂದು ಕ್ಷಣ ನಿಧಾನವಾದರೂ ಸಾಕು. ಹಿಮವಂತೂ ಯಾರ ಮಾತನ್ನೂ ಕೇಳುವುದಿಲ್ಲ. 2015-16ರ ಚಳಿಗಾಲ ನ್ಯೂ ಇಂಗ್ಲೆಂಡಿನಲ್ಲಿ ಅಪರೂಪದ ಬೆಚ್ಚನೆಯ ಚಳಿಗಾಲವಾಗಿತ್ತು.

2018ರ ಆರಂಭದಲ್ಲಿ ಬ್ಯಾಂಕು ಜಪ್ತಿಗಾಗಿ ನ್ಯಾಯಾಲಯಕ್ಕೆ ಹೋಯಿತು. ಆ ಒಂದು ಬ್ಯಾಂಕಿಗೇ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ಬಾಕಿ ಇತ್ತು. ರಾಜ್ಯ ಸರಕಾರಕ್ಕೆ ಕಟ್ಟಬೇಕಾದ ತೆರಿಗೆಯೂ ನಿಂತಿತ್ತು. ಚಳಿಗಾಲ ಮುಗಿಯುವ ಮೊದಲೇ ಕ್ಲಬ್ಬಿನ ಬಾಗಿಲು ಮುಚ್ಚಿತು. 2019ರ ಮೇ ತಿಂಗಳಲ್ಲಿ ಸಾಲ ಕೊಟ್ಟವರೇ ಅದನ್ನು ದಿವಾಳಿ ನ್ಯಾಯಾಲಯಕ್ಕೆ ಎಳೆದರು. ಹೊಚ್ಚಹೊಸ ಲಿಫ್ಟು ಚಳಿಗಾಲದಲ್ಲೂ ಸುಮ್ಮನೆ ನಿಂತಿತು. ಒಂದು ಬೆಟ್ಟ ಎರಡನೆಯ ಸಲ ಪಾಳುಬಿತ್ತು. ಈ ಸಲ ಬೆಚ್ಚನೆಯ ಸೀಟುಗಳ ಸಮೇತ!

ಇಂಥ ಸುದ್ದಿ ಬಂದಾಗ ಪತ್ರಿಕೆಗಳು ಸದಸ್ಯರ ನಷ್ಟವನ್ನೇ ದೊಡ್ಡದಾಗಿ ಬರೆಯುತ್ತವೆ. ಅವರ ನಷ್ಟ ಸಣ್ಣದೇನಲ್ಲ. ಕಟ್ಟಿದ ಶುಲ್ಕ ಹೋಯಿತು. ಲಿಫ್ಟಿಗೆಂದೇ ಸದಸ್ಯರಲ್ಲಿ ಕೆಲವರು ಬೇರೆಯಾಗಿ ಹಣ ಹೂಡಿದ್ದರು, ಅದೂ ಸಿಕ್ಕಿಬಿತ್ತು. ಆದರೂ ಅವರಿಗೆ ಬೇರೆ ಬೆಟ್ಟಗಳಿದ್ದವು, ಬೇರೆ ಆದಾಯವಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳಿಗೆ, ಕಟ್ಟಡಕ್ಕೆ ಮರ ಪೂರೈಸಿ ಬಿಲ್ಲು ಕಳಿಸಿ ಕಾದವನಿಗೆ ಇದ್ದದ್ದು ಇದೊಂದೇ ಬೆಟ್ಟ. ದಿವಾಳಿಯ ನಿಯಮ ಏನೆಂದರೆ, ಆಸ್ತಿಯನ್ನು ಒತ್ತೆ ಇಟ್ಟುಕೊಂಡ ಬ್ಯಾಂಕು ಸಾಲಿನಲ್ಲಿ ಮುಂದೆ ನಿಲ್ಲುತ್ತದೆ. ಬರೀ ಬಿಲ್ಲನ್ನು ಕೈಯಲ್ಲಿ ಹಿಡಿದವನು ಕೊನೆಯಲ್ಲಿ ನಿಲ್ಲುತ್ತಾನೆ. ಅವನ ಸರದಿ ಬರುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಚಿಲ್ಲರೆಯೂ ಉಳಿದಿರುವುದಿಲ್ಲ.

2020ರ ಮಾರ್ಚ್‌ನಲ್ಲಿ ಹರಾಜು ನಡೆಯಿತು. ಕೊಂಡವರು ಯಾರು? ಹಳೆಯ ಸದಸ್ಯರದ್ದೇ ಒಂದು ಗುಂಪು. ಬೆಲೆ 80 ಲಕ್ಷ 60 ಸಾವಿರ ಡಾಲರ್. ಹೆಚ್ಚುಕಡಿಮೆ ಆ ಒಂದು ಬ್ಯಾಂಕಿನ ಬಾಕಿಯ ಅರ್ಧ! ಒಮ್ಮೆ ಶುಲ್ಕ ಕಟ್ಟಿ ಕಳೆದುಕೊಂಡವರು ಮತ್ತೊಮ್ಮೆ ಕೈಯಿಂದ ಹಣ ಹಾಕಿ ಬೆಟ್ಟವನ್ನು ಉಳಿಸಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಲಿಫ್ಟುಗಳು ತಿರುಗಿದವು. ಈಗ ಅದು ಸದಸ್ಯರೇ ಒಡೆಯರಾಗಿರುವ ಕ್ಲಬ್ಬು. ಒಬ್ಬನ ಕನಸಿಗೆ ಹಣ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು, ಒಪ್ಪುತ್ತೇನೆ. ಮಾಲೀಕರೇ ಬಳಸುವವರಾದರೆ ಖರ್ಚಿನ ಮೇಲೆ ಕಣ್ಣಿರುತ್ತದೆ. ಆದರೆ ವಿಲ್ಮಿಂಗ್ಟನ್ನಿನ ಸಾಧಾರಣ ಮನೆಯ ಹುಡುಗಿಯೊಬ್ಬಳು ತನ್ನ ಅಜ್ಜಿ ಜಾರಿದ ಬೆಟ್ಟದಲ್ಲಿ ಜಾರಬೇಕೆಂದರೆ ಈಗಲೂ ಗೇಟಿನ ಹೊರಗೇ ನಿಲ್ಲಬೇಕು.

ಇನ್ನೊಂದು ಬೆಟ್ಟಕ್ಕೆ ಹೋಗೋಣ. ಅದೇ ವರ್ಮಾಂಟಿನ ಪೂರ್ವದ ಅಂಚಿನಲ್ಲಿ ಅಸ್ಕಟ್ನಿ ಎಂಬ ಒಂಟಿ ಬೆಟ್ಟವಿದೆ. ಬುಡದಲ್ಲಿ ವೆಸ್ಟ್ ವಿಂಡ್ಸರ್. ವಿಲ್ಮಿಂಗ್ಟನ್ನಿಗಿಂತಲೂ ಚಿಕ್ಕ ಊರು, 2010ರ ಜನಗಣತಿಯಲ್ಲಿ ಸುಮಾರು 1,100 ಜನ. ಇಲ್ಲಿ 1940ರ ದಶಕದಿಂದಲೇ ಸ್ಕೀಯಿಂಗ್ ಇತ್ತು. ಇಲ್ಲೂ ಒಬ್ಬರ ನಂತರ ಒಬ್ಬ ಮಾಲೀಕರು ಬಂದರು, ದೊಡ್ಡ ಲಿಫ್ಟು ಹಾಕಿದರು, ಸಾಲಕ್ಕೆ ಸಿಲುಕಿದರು. 2010ರಲ್ಲಿ ಬೆಟ್ಟ ಮುಚ್ಚಿತು. ಲಿಫ್ಟುಗಳನ್ನು ಬಿಚ್ಚಿ ಮಾರಲಾಯಿತು. ಒಂದು ದೊಡ್ಡ ಲಿಫ್ಟು ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬೇರೊಂದು ಬೆಟ್ಟಕ್ಕೆ ಹೋಯಿತು. ಕಣ್ಣೆದುರೇ ಮಗಳ ಒಡವೆ ಮಾರಿದ ಹಾಗೆ ಊರಿನವರಿಗೆ ಅನ್ನಿಸಿರಬೇಕು. ಊರಿನ ದಿನಸಿ ಅಂಗಡಿಯೂ ಮುಚ್ಚಿತು. 2015ರ ಜನವರಿಯಲ್ಲಿ ಬೆಟ್ಟದ ಬುಡದಲ್ಲಿದ್ದ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅದೂ ಬೂದಿಯಾಯಿತು.

ವರ್ಮಾಂಟಿನಲ್ಲಿ ಒಂದು ಹಳೆಯ ಪದ್ಧತಿ ಉಂಟು. ಪ್ರತಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನ ಮತದಾರರೆಲ್ಲ ಒಂದೆಡೆ ಸೇರಿ ಊರಿನ ಆಯವ್ಯಯವನ್ನು ಚರ್ಚಿಸಿ ಮತ ಹಾಕುತ್ತಾರೆ. ರಸ್ತೆಯ ದುರಸ್ತಿಯಿಂದ ಹಿಡಿದು ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತದೆ. ಎಷ್ಟೋ ಊರುಗಳಲ್ಲಿ ಮನೆಮನೆಯಿಂದ ತಂದ ಊಟವನ್ನು ಹಂಚಿ ತಿನ್ನುವುದೂ ಆ ದಿನದ ಭಾಗ. ಹೆಂಗಸರು ಅಲ್ಲಿ ಊಟವನ್ನಷ್ಟೇ ತರುವುದಿಲ್ಲ, ಲೆಕ್ಕವನ್ನೂ ಕೇಳುತ್ತಾರೆ! ಹೀಗೆ ತಮ್ಮ ದುಡ್ಡನ್ನು ತಾವೇ ಪ್ರಶ್ನಿಸಿ ಅಭ್ಯಾಸವಿದ್ದ ಊರು ಬೆಟ್ಟದ ವಿಚಾರದಲ್ಲೂ ಹಾಗೇ ನಡೆದುಕೊಂಡಿತು. ಇನ್ನೊಬ್ಬ ಮಾಲೀಕ ಬರಲಿ ಎಂದು ಕಾಯುವುದೇ, ನಾವೇ ಕೊಳ್ಳುವುದೇ? 2014ರಲ್ಲಿ ಮತಕ್ಕೆ ಹಾಕಿದಾಗ ಕೊಳ್ಳೋಣ ಎಂಬವರೇ ಹೆಚ್ಚಾದರು. ಸಾರ್ವಜನಿಕ ಭೂಮಿಯನ್ನು ಉಳಿಸಲು ದುಡಿಯುವ 'ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್' ಎಂಬ ಸಂಸ್ಥೆ ದಾನಿಗಳಿಂದ ಹಣ ಕೂಡಿಸಿತು, ಊರು ತನ್ನ ಪಾಲು ಹಾಕಿತು. 2015ರಲ್ಲಿ ಸುಮಾರು 470 ಎಕರೆ ಊರಿನ ಹೆಸರಿಗಾಯಿತು. ಮೊದಲೇ ಇದ್ದ ಕಾಡಿಗೆ ಅದು ಸೇರಿ 1,500 ಎಕರೆ ದಾಟಿದ ಊರಕಾಡಾಯಿತು. ಮುಂದೆ ಯಾರೂ ಅದರ ಮೇಲೆ ಮನೆ ಸಾಲು ಕಟ್ಟದಂತೆ ಕಾಗದಪತ್ರದಲ್ಲೇ ಕರಾರು ಬರೆಸಿದರು.

ಬೆಟ್ಟ ನಡೆಸಲು ಹುಟ್ಟಿದ್ದು 'ಅಸ್ಕಟ್ನಿ ಔಟ್‌ಡೋರ್ಸ್' ಎಂಬ ಲಾಭದ ಉದ್ದೇಶವಿಲ್ಲದ ಸಂಘ. ಸ್ವಯಂಸೇವಕರೇ ಅದರ ಬಲ. ಮೊದಲು ಹಾಕಿದ್ದು ಏನು ಗೊತ್ತೇ? ಹಗ್ಗ! 1934ರಲ್ಲಿ ಆ ರೈತನ ಗುಡ್ಡದಲ್ಲಿ ಮಾಡಿದ ಹಾಗೆಯೇ ಹಿಡಿದು ಹತ್ತುವ ಹಗ್ಗ. 2020ರಲ್ಲಿ ಹಗ್ಗಕ್ಕಿಂತ ಸ್ವಲ್ಪ ಮೇಲಕ್ಕೆ ಒಯ್ಯುವ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಕೋಲಿಗೆ ಸೊಂಟ ಒರಗಿಸಿ ಏರುವ ಲಿಫ್ಟು ಬಂತು. ಸುಟ್ಟ ಕಟ್ಟಡದ ಜಾಗದಲ್ಲಿ ಹೊಸ ಕಟ್ಟಡವಾಯಿತು. ಕೃತಕ ಹಿಮದ ಯಂತ್ರಗಳ ಗೋಜಿಗೆ ಅವರು ಹೋಗಲಿಲ್ಲ. ಹಿಮ ಬಿದ್ದರೆ ಆಟ, ಬೀಳದಿದ್ದರೆ ಇಲ್ಲ. ಬೇಸಿಗೆಯಲ್ಲಿ ಕಾಡಿನ ಜಾಡುಗಳಲ್ಲಿ ಸೈಕಲ್ ಓಡಿಸುವವರು ಬರುತ್ತಾರೆ, ನಡೆಯುವವರು ಬರುತ್ತಾರೆ. ಮುಚ್ಚಿದ್ದ ದಿನಸಿ ಅಂಗಡಿಯ ಕಟ್ಟಡವನ್ನು ಊರಿನವರೇ ಸಂಘ ಕಟ್ಟಿ ಕೊಂಡರು, 2018ರಲ್ಲಿ ಅದು ಮತ್ತೆ ತೆರೆಯಿತು.

ಇದನ್ನು ಓದಿ, "ಸರಿ, ಹಾಗಾದರೆ ಎಲ್ಲ ಬೆಟ್ಟಗಳನ್ನೂ ಊರುಗಳೇ ಕೊಳ್ಳಲಿ" ಎಂದು ಯಾರಾದರೂ ಹೇಳಬಹುದು. ಅಷ್ಟು ಸುಲಭವಲ್ಲ. ಅಸ್ಕಟ್ನಿಯ ಲಿಫ್ಟು ಬೆಟ್ಟದ ಕೆಳಭಾಗಕ್ಕೆ ಮಾತ್ರ. ತುದಿಯಿಂದ ಜಾರಬೇಕೆನ್ನುವವರು ಸ್ಕೀ ಪಟ್ಟಿಯ ಅಡಿಗೆ ಜಾರದಂಥ ಪಟ್ಟೆ ಅಂಟಿಸಿಕೊಂಡು ತಾವೇ ಹತ್ತಬೇಕು. ಬೆಚ್ಚನೆಯ ಸೀಟು ಅಲ್ಲಿಲ್ಲ. ನೂರಾರು ಜನರಿಗೆ ಸಂಬಳದ ಕೆಲಸ ಕೊಡುವ ಶಕ್ತಿಯೂ ಆ ಸಂಘಕ್ಕಿಲ್ಲ. ಕ್ಲಬ್ಬು ನಡೆದಷ್ಟು ದಿನ ವಿಲ್ಮಿಂಗ್ಟನ್ನಿಗೆ ಕೊಟ್ಟ ಸಂಬಳ ಸುಳ್ಳಲ್ಲ. ಅಸ್ಕಟ್ನಿಯವರು ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಆರಿಸಿಕೊಂಡರು. ಲಿಫ್ಟುಗಳೆಲ್ಲ ಮಾರಿಹೋಗಿ ಬರಿ ಬೆಟ್ಟ ಉಳಿದದ್ದರಿಂದ ಬೆಲೆಯೂ ಅವರ ಕೈಗೆಟಕಿತು ಎಂಬುದು ನನ್ನ ಲೆಕ್ಕಾಚಾರ. ದಿವಾಳಿಯ ಕೆಡುಕಿನಲ್ಲೂ ಅವರಿಗೆ ಅಷ್ಟೊಂದು ಅನುಕೂಲವಾಯಿತು.

ಖಾಸಗಿ ಬೆಟ್ಟದ ಆಸೆ ಹರ್ಮಿಟೇಜ್‌ನಿಂದ ಶುರುವಾದದ್ದೂ ಅಲ್ಲ, ಅದರ ದಿವಾಳಿಯಿಂದ ನಿಂತದ್ದೂ ಇಲ್ಲ. ಮೊಂಟಾನಾ ರಾಜ್ಯದ ಯೆಲ್ಲೋಸ್ಟೋನ್ ಕ್ಲಬ್ ಇದಕ್ಕೆಲ್ಲ ಹಿರಿಯಣ್ಣ. ಅದೂ 2008ರಲ್ಲಿ ದಿವಾಳಿಯಾಗಿ ಹೊಸ ಒಡೆಯರ ಕೈಯಲ್ಲಿ ಎದ್ದು ನಿಂತು ಈಗ ಚೆನ್ನಾಗಿಯೇ ನಡೆಯುತ್ತಿದೆ. ಯೂಟಾ ರಾಜ್ಯದ ಪೌಡರ್ ಮೌಂಟನ್ ಎಂಬ ದೊಡ್ಡ ಬೆಟ್ಟ ಮುಚ್ಚಿರಲೇ ಇಲ್ಲ, ಆದರೂ ನೆಟ್‌ಫ್ಲಿಕ್ಸ್ ಕಟ್ಟಿದ ರೀಡ್ ಹೇಸ್ಟಿಂಗ್ಸ್ 2023ರಲ್ಲಿ ಅದರ ಹೆಚ್ಚಿನ ಪಾಲನ್ನು ಕೊಂಡ ಮೇಲೆ, 2024ರ ಚಳಿಗಾಲದಿಂದ ಅದರ ಕೆಲವು ಲಿಫ್ಟುಗಳು ಅಲ್ಲಿ ನಿವೇಶನ ಕೊಂಡವರಿಗೆ ಮಾತ್ರ ಮೀಸಲಾಗಿವೆ. ಉಳಿದ ಭಾಗ ಎಲ್ಲರಿಗೂ ಮೊದಲಿನಂತೆ ತೆರೆದಿದೆ. ಶ್ರೀಮಂತರಿಂದ ಬರುವ ಹಣದಿಂದಲೇ ಉಳಿದ ಬೆಟ್ಟ ಬದುಕುತ್ತದೆ ಎಂಬುದು ಅವರ ವಾದ. ಇರಬಹುದು. ಅರ್ಧ ಗೇಟು ಮುಂದೆ ಪೂರ್ತಿ ಗೇಟಾಗದು ಎಂಬ ಭರವಸೆ ಮಾತ್ರ ಯಾರ ಬಾಯಿಮಾತಿನಲ್ಲೂ ಸಿಗುವುದಿಲ್ಲ, ಕಾಗದದಲ್ಲೇ ಸಿಗಬೇಕು.

ವರ್ಮಾಂಟಿನ ಜನಕ್ಕೆ ಆ ಕಾಗದದ ಬಲ ಸ್ವಲ್ಪ ಇದೆ. 1970ರಲ್ಲಿ ಬಂದ ಆ್ಯಕ್ಟ್ 250 ಎಂಬ ಕಾನೂನಿನಂತೆ ದೊಡ್ಡ ಕಟ್ಟಡ ಯೋಜನೆಗಳೆಲ್ಲ ಅನುಮತಿಗಾಗಿ ಜಿಲ್ಲಾ ಸಮಿತಿಯ ಮುಂದೆ ಬರಬೇಕು. ನೀರು ಎಲ್ಲಿಂದ ತರುತ್ತೀರಿ, ರಸ್ತೆಗೆ ಎಷ್ಟು ವಾಹನ ಬರುತ್ತದೆ, ಊರಿನ ಶಾಲೆಯ ಮೇಲೆ ಎಷ್ಟು ಭಾರ ಬೀಳುತ್ತದೆ, ಎಲ್ಲಕ್ಕೂ ಉತ್ತರಿಸಬೇಕು. ನೆರೆಮನೆಯವನೂ ಎದ್ದು ನಿಂತು ಆಕ್ಷೇಪ ಹೇಳಬಹುದು. ಹರ್ಮಿಟೇಜ್‌ನ ಯೋಜನೆಗಳೂ ಆ ದಾರಿಯಲ್ಲೇ ಹೋಗಬೇಕಾಯಿತು. ಆ ಕಾನೂನು ಮಣ್ಣು, ನೀರು, ರಸ್ತೆಯ ಲೆಕ್ಕ ಕೇಳುತ್ತದೆ. ಬೆಟ್ಟದ ಗೇಟು ಯಾರಿಗೆ ತೆರೆಯುತ್ತದೆ ಎಂದು ಕೇಳುವುದು ಅದರ ಕೆಲಸವಲ್ಲ. ವೆಸ್ಟ್ ವಿಂಡ್ಸರ್‌ನ ಜನ ಅದನ್ನು ತಮ್ಮ ಸಭೆಯಲ್ಲಿ ತಾವೇ ಕೇಳಿಕೊಂಡರು. ಅಲ್ಲಿ ಈಗಲೂ ಹಿಮ ಬಿದ್ದ ಸುದ್ದಿ ತಿಳಿಯುತ್ತಲೇ ಯಾರಾದರೊಬ್ಬರು ಹೋಗಿ ಲಿಫ್ಟಿನ ಎಂಜಿನ್ ಚಾಲೂ ಮಾಡುತ್ತಾರೆ.